ಸಿಲಿಕಾನ್ ಚರ್ಮ, ಲಾರಿ ಟ್ಯೂಬು, ನೀಲಿ ಡ್ರಮ್ಮು: ಕೊರೋನಾ ಕಾಲದಲ್ಲಿ ಪಶುವೈದ್ಯರಾಗಲು ಕೊಂಡದ್ದು, ಕಟ್ಟಿಕೊಂಡದ್ದು

ಗಾಯಕ್ಕೆ ಹೊಲಿಗೆ ಹಾಕುವ ಅಭ್ಯಾಸದ ಕಿಟ್ ಕೊಳ್ಳುವುದೋ ಬೇಡವೋ ಎಂದು ನಮ್ಮ ಪಶು ಆಸ್ಪತ್ರೆಗೆ ಇಂಟರ್ನ್‌ಶಿಪ್‌ಗೆ ಬರುವ ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ಕೊಳ್ಳಿ ಎನ್ನುತ್ತೇನೆ. ಆದರೆ ಅದೇ ವಾರ ಪಂಕ್ಚರ್ ಅಂಗಡಿಗೂ ಹೋಗಿ, ಇನ್ನು ತೇಪೆ ಹಾಕಲಾಗದು ಎಂದು ಬಿಸಾಡಿದ ಲಾರಿ ಟ್ಯೂಬಿನ ಒಂದು ತುಂಡು ಕೇಳಿ ತನ್ನಿ ಎಂದೂ ಹೇಳುತ್ತೇನೆ. ಆನ್‌ಲೈನ್‌ನಲ್ಲಿ ಸಿಗುವ ಈ ಕಿಟ್‌ಗಳಲ್ಲಿ ಹೆಚ್ಚಿನವು ಮನುಷ್ಯರಿಗೆ ಚಿಕಿತ್ಸೆ ಕೊಡುವವರಿಗಾಗಿ ತಯಾರಾದವು. ಹಸು, ಎಮ್ಮೆ, ಕುರಿಗಳ ಪಾಲನ್ನು ನಾವೇ ಸೇರಿಸಿಕೊಳ್ಳಬೇಕು. 2020ರಲ್ಲಿ ಕಾಲೇಜು ಮುಚ್ಚಿದಾಗ ನಾನು ಇಂಥದೊಂದು ಕಿಟ್ ತರಿಸಿಕೊಂಡೆ. ಅದು ಈಗಲೂ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ, ಈಗಲೂ ಬಳಕೆಯಲ್ಲಿದೆ. ಇಷ್ಟು ಕಾಲ ಬಳಸಿದ ಮೇಲೆ ಅದರ ಬಗ್ಗೆಯೂ, ಅದರ ಸುತ್ತ ನಾವು ಮನೆಯಲ್ಲೇ ಮಾಡಿಕೊಂಡ ಏರ್ಪಾಡುಗಳ ಬಗ್ಗೆಯೂ ಬರೆಯುವಷ್ಟು ಅನುಭವವಾಗಿದೆ.

ನಾನು ಪದವಿಗೆ ಸೇರಿದ್ದು 2016ರಲ್ಲಿ. ಭಾರತೀಯ ಪಶುವೈದ್ಯಕೀಯ ಪರಿಷತ್ತು ಅದೇ ವರ್ಷ ತಂದ ನಿಯಮಾವಳಿಯಂತೆ ಈ ಪದವಿ ಐದೂವರೆ ವರ್ಷದ್ದು: ನಾಲ್ಕೂವರೆ ವರ್ಷ ಓದು, ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷಗಳಲ್ಲಿ ಮೂಳೆ, ಸ್ನಾಯು, ರೋಗಾಣು, ಔಷಧಗಳ ಪಾಠ. ಶಸ್ತ್ರಚಿಕಿತ್ಸೆ, ಪ್ರಸೂತಿ, ಒಳರೋಗ ಚಿಕಿತ್ಸೆ ಮೊದಲಾದ ಪ್ರಾಣಿಯ ಮೈಮುಟ್ಟಿ ಕಲಿಯುವ ವಿಷಯಗಳ ಭಾರವೆಲ್ಲ ಬೀಳುವುದು ಕೊನೆಯ ಹಂತಕ್ಕೆ. ನಮ್ಮ ತಂಡ ಸರಿಯಾಗಿ ಆ ಹಂತದಲ್ಲಿದ್ದಾಗ ಮಾರ್ಚ್ ತಿಂಗಳ ಮಧ್ಯದಲ್ಲಿ ಕಾಲೇಜುಗಳು ಮುಚ್ಚಿದವು, 25ರಿಂದ ದೇಶವೇ ಮುಚ್ಚಿತು. ಪಶು ಆಸ್ಪತ್ರೆಗಳು ಅಗತ್ಯ ಸೇವೆಯೆಂದು ತೆರೆದೇ ಇದ್ದವು. ಹಾಲು ಕರೆಯುವುದು ನಿಲ್ಲಲಿಲ್ಲ, ಹಸು ಈಯುವುದು ನಿಲ್ಲಲಿಲ್ಲ. ಆ ಆಸ್ಪತ್ರೆಯೊಳಗೆ ವಿದ್ಯಾರ್ಥಿಗಳಿಗೆ ಮಾತ್ರ ಪ್ರವೇಶವಿರಲಿಲ್ಲ. ನಾನು ಅರಸೀಕೆರೆ ತಾಲ್ಲೂಕಿನ ನಮ್ಮ ಊರಿಗೆ ಹೋದೆ. ಶಸ್ತ್ರಚಿಕಿತ್ಸೆಯ ಪಾಠ ಮೊಬೈಲ್ ಪರದೆಗೆ ಬಂತು. ಸೂಜಿ ಹೇಗೆ ಚುಚ್ಚಬೇಕೆಂದು ಮೇಷ್ಟ್ರು ತೋರಿಸುತ್ತಿದ್ದರು, ನಾವು ನೋಡುತ್ತಿದ್ದೆವು. ನೋಡುವುದರಿಂದ ಬೆರಳಿಗೆ ಏನೂ ಬರುವುದಿಲ್ಲ. ಜೂನ್‌ನಲ್ಲಿ ಕೊರಿಯರ್ ಮತ್ತೆ ನಮ್ಮ ಭಾಗಕ್ಕೆ ಬರತೊಡಗಿದಾಗ ಕಿಟ್ ತರಿಸಿದೆ.

ಪೆಟ್ಟಿಗೆಯಲ್ಲಿದ್ದದ್ದು: ಅಂಗೈಗಿಂತ ಸ್ವಲ್ಪ ದೊಡ್ಡದಾದ ಮೂರು ಪದರದ ಸಿಲಿಕಾನ್ ಹಾಳೆ, ಸೂಜಿ ಹಿಡಿಯುವ ನೀಡಲ್ ಹೋಲ್ಡರ್, ಚರ್ಮದ ಅಂಚು ಹಿಡಿಯುವ ಹಲ್ಲಿರುವ ಫೋರ್ಸೆಪ್ಸ್ (ಚಿಮಟ), ಕತ್ತರಿ, ಬ್ಲೇಡ್ ಹಿಡಿ, ಒಂದಷ್ಟು ಬ್ಲೇಡುಗಳು, ಸೂಜಿ ಸೇರಿಸಿದ ನೈಲಾನ್ ಮತ್ತು ರೇಷ್ಮೆ ದಾರದ ಪೊಟ್ಟಣಗಳು. ಹಾಳೆಯ ಮೇಲಿನ ತೆಳು ಪದರ ಚರ್ಮ, ನಡುವಿನ ಹಳದಿ ಪದರ ಕೊಬ್ಬು, ಕೆಳಗಿನ ಕೆಂಪು ಪದರ ಸ್ನಾಯು. ಪದರಗಳ ನಡುವೆ ಒಂದು ಜಾಲರಿ ಇರುತ್ತದೆ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಈ ಜಾಲರಿಯನ್ನು. ಅದಿಲ್ಲದ ಅಗ್ಗದ ಹಾಳೆಗಳನ್ನು ನನ್ನ ಸಹಪಾಠಿಗಳು ತರಿಸಿದ್ದರು. ಹೊಲಿಗೆ ಸ್ವಲ್ಪ ಬಿಗಿದರೂ ದಾರ ಸಿಲಿಕಾನನ್ನು ಸೀಳಿಕೊಂಡು ಹೊರಬರುತ್ತಿತ್ತು, ಕೆಲವೇ ವಾರಗಳಲ್ಲಿ ಹಾಳೆ ಚಿಂದಿಯಾಗುತ್ತಿತ್ತು. ಜಾಲರಿಯಿರುವುದು ದಾರದ ಎಳೆತವನ್ನು ತಡೆದುಕೊಳ್ಳುತ್ತದೆ. ಹಾಳೆಯಲ್ಲಿ ಮೊದಲೇ ನಾಲ್ಕಾರು ಬಗೆಯ ಗಾಯಗಳನ್ನು ಕೊಯ್ದು ಕೊಟ್ಟಿರುತ್ತಾರೆ: ನೇರ ಗಾಯ, ಬಾಗಿದ ಗಾಯ, ತುದಿ ಹರಿದ ಗಾಯ. ಅವುಗಳನ್ನು ಮುಗಿಸಿದ ಮೇಲೆ ಬ್ಲೇಡಿನಿಂದ ನಾವೇ ಹೊಸದನ್ನು ಕೊಯ್ದುಕೊಳ್ಳಬಹುದು. ನನ್ನದರಲ್ಲಿ ಈಗ ಕೊಯ್ಯಲು ಜಾಗವಿಲ್ಲ, ಆದರೂ ಗಂಟು ಹಾಕಲು ಸಾಕು.

ಹಾಳೆ ಕಲಿಸುವುದನ್ನು ಚೆನ್ನಾಗಿಯೇ ಕಲಿಸುತ್ತದೆ. ಬಾಗಿದ ಸೂಜಿಯ ತುದಿ ಚರ್ಮಕ್ಕೆ ನೇರವಾಗಿ, ಲಂಬವಾಗಿ ಇಳಿಯಬೇಕು. ಆಮೇಲೆ ತಳ್ಳುವುದಲ್ಲ, ಮಣಿಕಟ್ಟು ತಿರುಗಿಸಬೇಕು. ಸೂಜಿಯ ಬಾಗು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ತಾನೇ ಹೋಗುತ್ತದೆ. ತಳ್ಳಿದವರ ಸೂಜಿ ಪದರದ ನಡುವೆ ಅಡ್ಡ ಹರಿದು ಚರ್ಮದ ಒಂದು ಬದಿ ಮೇಲೆದ್ದು ನಿಲ್ಲುತ್ತದೆ. ಹಾಳೆಯನ್ನು ಪಕ್ಕದಿಂದ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಗಾಯದ ಅಂಚಿನಿಂದ ಸುಮಾರು ಅರ್ಧ ಸೆಂಟಿಮೀಟರ್ ದೂರದಲ್ಲಿ ಒಳಗೆ ಹೋದ ಸೂಜಿ ಆಚೆ ಬದಿಯಲ್ಲೂ ಅಷ್ಟೇ ದೂರದಲ್ಲಿ ಹೊರಬರಬೇಕು. ನಂತರ ಗಂಟು. ಎರಡನೆಯ ಸುತ್ತನ್ನು ಮೊದಲನೆಯದರ ವಿರುದ್ಧ ದಿಕ್ಕಿಗೆ ಹಾಕಿದರೆ ಗಂಟು ಚಪ್ಪಟೆಯಾಗಿ ಕೂರುತ್ತದೆ, ಒಂದೇ ದಿಕ್ಕಿಗೆ ಹಾಕಿದರೆ ಜಾರುತ್ತದೆ. ಜಾರಿದ ಗಂಟು ಸಿಲಿಕಾನ್ ಮೇಲೆ ತಕ್ಷಣ ಬಾಯಿ ಬಿಡುತ್ತದೆ. ಹಸುವಿನ ಮೇಲೆ ಅದು ಗೊತ್ತಾಗುವುದು ಮಾರನೆಯ ದಿನ ರೈತರು ಫೋನ್ ಮಾಡಿದಾಗ. ಯಾರೂ ನೋವುಣ್ಣದ ಜಾಗದಲ್ಲಿ, ಮತ್ತೆ ಮತ್ತೆ, ರಾತ್ರಿ ಊಟವಾದ ಮೇಲೆ ದೀಪದ ಕೆಳಗೆ ಕೂತು ಅದನ್ನು ತಿದ್ದಿಕೊಳ್ಳಲು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಲಾಕ್‌ಡೌನ್ ಇಲ್ಲದಿದ್ದರೆ ಕಾಲೇಜಿನ ಆಸ್ಪತ್ರೆಯಲ್ಲಿ ಒಂದು ಗಾಯದ ಸುತ್ತ ಹತ್ತು ಮಂದಿ ನಿಂತು, ಒಬ್ಬರಿಗೆ ಒಂದೋ ಎರಡೋ ಹೊಲಿಗೆ ಸಿಗುತ್ತಿತ್ತು.

ಹಾಳೆ ಸುಳ್ಳು ಹೇಳುವುದು ಚರ್ಮದ ಗಟ್ಟಿತನದ ವಿಷಯದಲ್ಲಿ. ಅದರೊಳಗೆ ಸೂಜಿ ಹೋಗುವುದು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ. ಹಸುವಿನ ಚರ್ಮ ಮೈಮೇಲೆ ಕೆಲವು ಕಡೆ ಐದಾರು ಮಿಲಿಮೀಟರ್ ದಪ್ಪವಿರುತ್ತದೆ. ಕಿಟ್‌ನಲ್ಲಿ ಬರುವ ಸಣ್ಣ ಸೂಜಿ ಅದರಲ್ಲಿ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ದೊಡ್ಡ ಪ್ರಾಣಿಗಳಿಗೆ ಬಳಸುವ ದಪ್ಪನೆಯ, ಅಂಚು ಹರಿತವಾದ ಅರ್ಧ ಬಾಗಿದ ಸೂಜಿಯೂ ದಪ್ಪ ರೇಷ್ಮೆ ಅಥವಾ ನೈಲಾನ್ ದಾರವೂ ಬೇರೆಯದೇ ಲೋಕ. ಅಲ್ಲಿ ಬೆರಳಿನ ನಾಜೂಕು ಸಾಲದು, ಮುಂಗೈಯಿಂದ ಬಲ ಬರಬೇಕು, ಬಲ ಹಾಕಿದಾಗಲೂ ಸೂಜಿಯ ದಾರಿ ತಪ್ಪಬಾರದು. ಲಾರಿ ಟ್ಯೂಬು ಬಂದದ್ದು ಇಲ್ಲಿಗೆ. ಬಾಣಾವರದ ಪಂಕ್ಚರ್ ಅಂಗಡಿಯವರು ದುಡ್ಡು ಕೇಳದೆ ಕೊಟ್ಟ ತುಂಡನ್ನು ಸೋಪು ಹಾಕಿ ತೊಳೆದು, ಒಂದು ಮಣೆಗೆ ನಾಲ್ಕು ಮೊಳೆ ಹೊಡೆದು ಎಳೆದು ಕಟ್ಟಿದೆ. ಮೊಳೆ ಹೊಡೆಯುವುದು ಮುಖ್ಯ. ಸಡಿಲವಾಗಿಟ್ಟರೆ ಟ್ಯೂಬು ಸೂಜಿಯ ಜೊತೆಗೇ ಮೇಲೇಳುತ್ತದೆ. ಜೀವಂತ ಪ್ರಾಣಿಯ ಚರ್ಮ ಮೈಗೆ ಬಿಗಿದುಕೊಂಡೇ ಇರುತ್ತದೆ. ನಡುವೆ ಕೊಯ್ದಾಗ ಗಾಯ ಬಾಯಿ ಬಿಟ್ಟು ನಿಂತಿತು. ಆ ಬಾಯಿಯನ್ನು ಕೂಡಿಸಲು ಪಟ್ಟ ಪಾಡು ನನ್ನನ್ನು ಹಸುವಿನ ಪಕ್ಕೆಯನ್ನು ಮುಚ್ಚಲು ಮುಂಚಿತವಾಗಿ ತಯಾರು ಮಾಡಿತು.

ಇದಕ್ಕೆ ಎದುರು ತುದಿಯ ಪಾಠಕ್ಕೆ ಬಾಳೆಹಣ್ಣಿನ ಸಿಪ್ಪೆ. ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಹಳೆಯ ಉಪಾಯ ಅದು. ದಾರವನ್ನು ಬೇಕಾದದ್ದಕ್ಕಿಂತ ಒಂದು ಚೂರು ಹೆಚ್ಚು ಬಿಗಿದರೂ ಸಿಪ್ಪೆ ಹರಿಯುತ್ತದೆ. ಗರ್ಭಕೋಶ, ಕರುಳು, ಮೊಲೆತೊಟ್ಟಿನ ಒಳಪದರ ಇವೆಲ್ಲ ಹೀಗೇ. ಸಿಪ್ಪೆಯ ಮೇಲೆ ಕೈ ಪಳಗಿಸಿಕೊಳ್ಳದವರು ಟ್ಯೂಬಿನ ಬಲವನ್ನು ಅಲ್ಲಿಗೂ ತೆಗೆದುಕೊಂಡು ಹೋಗುತ್ತಾರೆ. ಗರ್ಭಕೋಶವನ್ನು ಮುಚ್ಚುವಾಗ ಅಂಚುಗಳು ಒಳಕ್ಕೆ ಮಡಿಚಿಕೊಳ್ಳುವಂತೆ ಹೊಲಿಯಬೇಕು, ಇಲ್ಲವಾದರೆ ಒಳಗಿನದು ಹೊಟ್ಟೆಗೆ ಸೋರುತ್ತದೆ. ಅದನ್ನು ನಾನು ಕಲಿತದ್ದು ಸೈಕಲ್ ಟ್ಯೂಬಿನ ಮೇಲೆ. ಹೊಲಿದ ಮೇಲೆ ಒಂದು ತುದಿ ಕಟ್ಟಿ ಇನ್ನೊಂದು ತುದಿಯಿಂದ ನೀರು ತುಂಬಿಸಿದರೆ ಹೊಲಿಗೆ ಎಲ್ಲಿ ಸೋರುತ್ತದೆ ಎಂದು ತಾನೇ ಹೇಳುತ್ತದೆ. ಇದಕ್ಕಿಂತ ನೇರವಾದ ಪರೀಕ್ಷಕರು ಸಿಗುವುದಿಲ್ಲ.

ದುಡ್ಡಿಲ್ಲದವರಿಗೆ ಒಂದು ಮಾತು. ಇಂಗ್ಲೆಂಡಿನ ಬ್ರಿಸ್ಟಲ್ ಪಶುವೈದ್ಯಕೀಯ ಶಾಲೆಯವರು ಸಿಲಿಕಾನ್ ಹಾಳೆಯನ್ನೂ ಅಡುಗೆಮನೆಯ ಪಾತ್ರೆ ಒರೆಸುವ ಬಟ್ಟೆಯನ್ನೂ ಪಕ್ಕಪಕ್ಕ ಇಟ್ಟು, ಸಾಧಾರಣ ಬಿಡಿ ಹೊಲಿಗೆ ಕಲಿಯಲು ಯಾವುದು ಮೇಲು ಎಂದು ಹೋಲಿಸಿ ನೋಡಿದ್ದಾರೆ. ಬಟ್ಟೆ ಹಿಂದೆ ಬೀಳಲಿಲ್ಲ. ಆದ್ದರಿಂದ ಚೌಕುಳಿ ಇರುವ ದಪ್ಪ ಟವೆಲ್ ಇದ್ದರೆ ಮೊದಲ ಹೆಜ್ಜೆಗೆ ಸಾಕು, ಚೌಕುಳಿಯ ಗೆರೆಗಳೇ ಹೊಲಿಗೆಯ ಅಂತರಕ್ಕೆ ಅಳತೆಯಾಗುತ್ತವೆ. ಅದೇ ಶಾಲೆಯವರು ಇಂಥ ಕೌಶಲಗಳ ಸಚಿತ್ರ ಕೈಪಿಡಿಗಳನ್ನೂ, ಅಭ್ಯಾಸದ ಮಾದರಿಗಳನ್ನು ಮನೆಯ ಸಾಮಾನಿನಿಂದ ಮಾಡಿಕೊಳ್ಳುವ ವಿಧಾನವನ್ನೂ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದ್ದಾರೆ. ನಾವು ಕಟ್ಟಿಕೊಂಡ ಎಷ್ಟೋ ವಸ್ತುಗಳಿಗೆ ಧೈರ್ಯ ಬಂದದ್ದು ಅವುಗಳನ್ನು ನೋಡಿದ ಮೇಲೆ.

ಕಿಟ್‌ನ ಉಪಕರಣಗಳ ವಿಷಯದಲ್ಲಿ ನನಗೆ ನಿಜವಾದ ಸಿಟ್ಟಿದೆ. ನೀಡಲ್ ಹೋಲ್ಡರ್‌ನ ಹಲ್ಲುಗಳು ಮಳೆಗಾಲ ಮುಗಿಯುವ ಮೊದಲೇ ಸವೆದು, ಸೂಜಿ ಬಾಯೊಳಗೇ ತಿರುಗತೊಡಗಿತು. ಕತ್ತರಿಯ ಸ್ಕ್ರೂ ಬಳಿ ತುಕ್ಕು ಹಿಡಿಯಿತು. ಪೆಟ್ಟಿಗೆಯ ಮೇಲೆ ತುಕ್ಕು ಹಿಡಿಯದ ಉಕ್ಕು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮಾರಿದವರಿಗೆ ಬರೆದೆ, ಹಾಳೆಗೆ ಮಾತ್ರ ಖಾತ್ರಿ, ಉಪಕರಣಕ್ಕಿಲ್ಲ ಎಂಬ ಉತ್ತರ ಬಂತು. ಕೆಟ್ಟ ಹೋಲ್ಡರ್ ಕೆಟ್ಟ ಅಭ್ಯಾಸವನ್ನು ಕಲಿಸುತ್ತದೆ. ಸೂಜಿ ತಿರುಗದಿರಲಿ ಎಂದು ವಿದ್ಯಾರ್ಥಿ ಅದನ್ನು ಬುಡದ ಬಳಿ ಹಿಡಿಯಲು ಶುರುಮಾಡುತ್ತಾರೆ, ಸೂಜಿ ಬಾಗುತ್ತದೆ, ಆ ಹಿಡಿತ ಆಮೇಲೆ ಬಿಡುವುದಿಲ್ಲ. ಹಾಳೆಯನ್ನು ಬಿಡಿಯಾಗಿ ಮಾರುವವರಿದ್ದಾರೆ, ಅದನ್ನು ಆನ್‌ಲೈನ್‌ನಲ್ಲಿ ತರಿಸಿ. ಹೋಲ್ಡರ್ ಮತ್ತು ಫೋರ್ಸೆಪ್ಸನ್ನು ಜಿಲ್ಲಾ ಕೇಂದ್ರದ ಯಾವುದಾದರೂ ಸರ್ಜಿಕಲ್ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಹೋಲ್ಡರ್‌ಗೆ ಒಂದು ಸೂಜಿ ಕಚ್ಚಿಸಿ, ಎರಡನೆಯ ಹಲ್ಲಿಗೆ ಬೀಗ ಹಾಕಿ, ಬೆರಳಿನಿಂದ ಸೂಜಿಯನ್ನು ಅಲುಗಿಸಲು ಯತ್ನಿಸಿ. ಅಲುಗಿದರೆ ಅಲ್ಲೇ ಬಿಟ್ಟು ಬನ್ನಿ.

ಹೊಲಿಗೆಯ ಮಾತು ಇಷ್ಟು. ಆದರೆ ಹಳ್ಳಿಯ ಪಶುವೈದ್ಯರ ದಿನದಲ್ಲಿ ಹೊಲಿಗೆಗಿಂತ ಹೆಚ್ಚಿನ ಕೆಲಸ ಗುದದ್ವಾರದ ಮೂಲಕ ಕೈ ಹಾಕಿ ಗರ್ಭಕೋಶ ಮುಟ್ಟಿ ನೋಡುವುದು. ಹಸು ಗಬ್ಬವೋ, ಬೆದೆಯಲ್ಲಿದೆಯೋ, ಯಾವ ಅಂಡಾಶಯದಲ್ಲಿ ಏನಿದೆ ಎಂದು ಕಣ್ಣಿಲ್ಲದೆ ಕಾಣಬೇಕು. ಇದನ್ನು ಕಲಿಸಲು ಹೊರದೇಶಗಳಲ್ಲಿ ಯಂತ್ರಗಳೇ ಇವೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸಾರಾ ಬೇಲಿ ಎಂಬ ಪಶುವೈದ್ಯೆ ರೂಪಿಸಿದ ಹ್ಯಾಪ್ಟಿಕ್ ಕೌ ಎಂಬುದರಲ್ಲಿ ಬೆರಳಿಗೆ ಸಿಕ್ಕಿಸಿದ ಸಾಧನವೊಂದು ಕಂಪ್ಯೂಟರಿನೊಳಗಿನ ಗರ್ಭಕೋಶದ ಸ್ಪರ್ಶವನ್ನು ಬೆರಳಿಗೆ ಮುಟ್ಟಿಸುತ್ತದೆ. ವಿದ್ಯಾರ್ಥಿಯ ಬೆರಳು ಎಲ್ಲಿದೆ ಎಂದು ಶಿಕ್ಷಕರು ಪರದೆಯ ಮೇಲೆ ನೋಡಬಹುದು. ಆಸ್ಟ್ರೇಲಿಯಾದ ಬ್ರೀಡ್ನ್ ಬೆಟ್ಸಿ ಎಂಬ ಮಾದರಿ ಹಸುವಿನ ಹಿಂಭಾಗದ ಆಕಾರದ ಚೌಕಟ್ಟು, ಒಳಗೆ ಅಂಗಗಳನ್ನು ಇಟ್ಟು ತೆಗೆಯಬಹುದು. ಇವೆಲ್ಲ ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತ ವಿದ್ಯಾರ್ಥಿಗೆ ಎಟುಕುವಂಥವಲ್ಲ. ಅಭ್ಯಾಸಕ್ಕೆಂದು ಕಸಾಯಿಖಾನೆಯಿಂದ ತರಿಸುತ್ತಿದ್ದ ಗರ್ಭಕೋಶಗಳೂ ಆಗ ನಿಂತುಹೋಗಿದ್ದವು.

ನಾವು ಮಾಡಿಕೊಂಡದ್ದು ಗೋಣಿಚೀಲ. ಕೈಗವಸಿನ ಎರಡು ಬೆರಳುಗಳಿಗೆ ನೀರು ತುಂಬಿಸಿ, ಉಳಿದ ಬೆರಳುಗಳನ್ನು ಕಟ್ಟಿಬಿಟ್ಟರೆ ಗರ್ಭಕೋಶದ ಎರಡು ಕೊಂಬುಗಳು ಸಿದ್ಧ. ಒಂದಕ್ಕೆ ಹೆಚ್ಚು ನೀರು ಬಿಟ್ಟರೆ ಗಬ್ಬದ ಕೊಂಬು. ಅಂಡಾಶಯಕ್ಕೆ ಮೈದಾ ಹಿಟ್ಟಿನ ಉಂಡೆ, ಅದರ ಮೇಲೆ ನೀರು ತುಂಬಿದ ಸಣ್ಣ ಬಲೂನನ್ನು ಕಟ್ಟಿದರೆ ಬೆದೆಯ ಕಾಲದ, ಅಂಡವಿರುವ ಕೋಶ, ಗಟ್ಟಿ ಕಾಳನ್ನು ಕೂರಿಸಿದರೆ ಅಂಡ ಹೊರಬಿದ್ದ ಮೇಲೆ ಅಲ್ಲಿ ಬೆಳೆಯುವ ಹಳದಿಕಾಯ. ಅಮ್ಮ ನನಗೆ ಗೊತ್ತಾಗದ ಹಾಗೆ ಚೀಲದೊಳಗೆ ಇವನ್ನು ಬದಲಿಸಿ ಇಡುತ್ತಿದ್ದರು, ನಾನು ಎಡಗೈ ಹಾಕಿ ಹೇಳಬೇಕಿತ್ತು. ಸ್ಪರ್ಶಕ್ಕೆ ಹೆಸರು ಹಚ್ಚುವ ಪಾಠ ಇದರಿಂದ ಬಂತು: ಇದು ಮೆತ್ತಗೆ, ಇದು ಪುಟಿಯುತ್ತದೆ, ಇದು ಜಾರುತ್ತದೆ. ಅದಕ್ಕಿಂತ ಮುಂದೆ ಚೀಲ ಏನನ್ನೂ ಕಲಿಸಲಿಲ್ಲ. ಹಸುವಿನ ಕರುಳು ಕೈಯನ್ನು ಹಿಂಡುತ್ತದೆ. ಅಲೆ ಬಂದಾಗ ಸುಮ್ಮನೆ ಕೈ ಬಿಟ್ಟು, ಅದು ಹೋದ ಮೇಲೆ ಮುಂದೆ ಸರಿಯಬೇಕು. ಹಟ ಮಾಡಿದರೆ ಕರುಳಿಗೆ ಗಾಯ, ನಮ್ಮ ತೋಳು ಜೋಮು. ಅಷ್ಟರಲ್ಲಿ ಹಸು ಪಕ್ಕಕ್ಕೆ ಸರಿಯುತ್ತದೆ, ಸೆಗಣಿ ಹಾಕುತ್ತದೆ, ಒಮ್ಮೊಮ್ಮೆ ಕೂರಲು ನೋಡುತ್ತದೆ. ಮೂರು ತಿಂಗಳು ದಾಟಿದ ಗಬ್ಬದಲ್ಲಿ ಗರ್ಭಕೋಶದ ರಕ್ತನಾಳ ಬೆರಳಿನ ಕೆಳಗೆ ಜುಮ್ಮೆಂದು ಹರಿಯುವುದು ಗೊತ್ತಾಗುತ್ತದಲ್ಲ, ಅದನ್ನು ಯಾವ ಬಲೂನೂ ತೋರಿಸುವುದಿಲ್ಲ. ಈ ಒಂದು ಕೌಶಲಕ್ಕೆ ಮನೆಯ ಮಾದರಿಯನ್ನೇ ನಂಬಿ ಕೂರಬೇಡಿ.

ಹೆರಿಗೆ ತೊಂದರೆಗೆ ಮಾಡಿಕೊಂಡ ಡ್ರಮ್ಮು ಹಾಗಲ್ಲ, ಅದು ನಾನು ಎಣಿಸಿದ್ದಕ್ಕಿಂತ ಹೆಚ್ಚು ಕೊಟ್ಟಿತು. ತೋಟಕ್ಕೆ ಔಷಧಿ ಕಲಸುವ ಹಳೆಯ ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ಒಂದು ಬದಿಗೆ ಅಪ್ಪ ತೋಳು ಹೋಗುವಷ್ಟು ಬಾಯಿ ಕೊಯ್ದು, ಅಂಚಿಗೆ ಬಟ್ಟೆ ಸುತ್ತಿ ಕೊಟ್ಟರು. ಗೋಣಿಗೆ ಹುಲ್ಲು ತುಂಬಿ ಕರು ಮಾಡಿದೆವು. ಕಾಲಿಗೆ ಬಿದಿರು, ಮಂಡಿಯ ಜಾಗದಲ್ಲಿ ಹಗ್ಗದ ಕಟ್ಟು, ಗೊರಸಿಗೆ ತೆಂಗಿನ ಚಿಪ್ಪಿನ ಚೂರು. ಒಂದು ಮುಂಗಾಲನ್ನು ಹಿಂದಕ್ಕೆ ಮಡಿಸಿಟ್ಟು, ಡ್ರಮ್ಮಿನ ಬಾಯಿಂದ ಕೈ ಹಾಕಿ ಅದನ್ನು ನೇರ ಮಾಡಬೇಕು. ಎಲ್ಲರಿಗೂ ಮೊದಲು ತೋಚುವುದು ಎಳೆಯುವುದು. ಎಳೆದಷ್ಟೂ ಮಂಡಿ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಕರುವನ್ನು ಮೊದಲು ಒಳಕ್ಕೆ ತಳ್ಳಬೇಕು, ಜಾಗ ಮಾಡಿಕೊಳ್ಳಬೇಕು, ಗೊರಸನ್ನು ಅಂಗೈಯಿಂದ ಪೂರ್ತಿ ಮುಚ್ಚಬೇಕು, ಆಮೇಲೆ ಮಂಡಿಯನ್ನು ಮೇಲೆ ಹೊರಕ್ಕೆ ತಳ್ಳುತ್ತಾ ಗೊರಸನ್ನು ಒಳಕ್ಕೆ, ಮುಂದಕ್ಕೆ ತರಬೇಕು. ಗೊರಸು ಬರಿದಾಗಿದ್ದರೆ ಗರ್ಭಕೋಶ ಹರಿಯುತ್ತದೆ. ಡ್ರಮ್ಮಿನೊಳಗೆ ಹಳೆಯ ಪಾಲಿಥಿನ್ ಹಾಳೆಯನ್ನು ಅಂಟಿಸಿದ್ದೆವು. ಗೊರಸು ತಾಕಿದರೆ ಅದು ಹರಿದು ನಮಗೆ ತಿಳಿಸುತ್ತಿತ್ತು.

ಮನೆಯಲ್ಲಿ ದನ ಇದ್ದವರಿಗೂ ಇಲ್ಲದವರಿಗೂ ಆ ಕಾಲದಲ್ಲಿ ಆದ ಅಂತರದ ಬಗ್ಗೆ ಯಾರೂ ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಎರಡು ಮಿಶ್ರತಳಿ ಹಸುಗಳಿದ್ದವು. ದಿನಾ ಬೆಳಿಗ್ಗೆ ಜ್ವರ ನೋಡಬಹುದಿತ್ತು, ಎಡಪಕ್ಕೆಯ ಹಿಂದಿನ ತಗ್ಗಿಗೆ ಮುಷ್ಟಿ ಒತ್ತಿ ಹೊಟ್ಟೆಯೊಳಗಿನ ಮೇವಿನ ಚೀಲ ಎರಡು ನಿಮಿಷದಲ್ಲಿ ಎರಡು ಮೂರು ಬಾರಿ ಹೊರಳುವುದನ್ನು ಎಣಿಸಬಹುದಿತ್ತು. ಬೆಂಗಳೂರಿನ ಮೂರನೆಯ ಮಹಡಿಯ ಮನೆಯಲ್ಲಿ ಕೂತ ನನ್ನ ಗೆಳತಿಗೆ ಒಂದು ನಾಯಿಯೂ ಇರಲಿಲ್ಲ. ನಮ್ಮ ವಿಭಾಗದ ಒಬ್ಬ ಮೇಷ್ಟ್ರು ಇದನ್ನು ಗಮನಿಸಿ ಹಳ್ಳಿಯ ಒಬ್ಬರನ್ನೂ ನಗರದ ಒಬ್ಬರನ್ನೂ ಜೋಡಿ ಮಾಡಿದರು. ನಾನು ವಿಡಿಯೋ ಕರೆ ಹಚ್ಚಿ ಹಸುವಿನ ಬಳಿ ನಿಲ್ಲುವುದು, ಏನು ನೋಡಬೇಕು, ಎಲ್ಲಿ ಮುಟ್ಟಬೇಕು ಎಂದು ಅವಳು ಹೇಳುವುದು. ಅವಳು ಹೇಳದ್ದನ್ನು ನಾನು ಮಾಡುವಂತಿಲ್ಲ. ಮೊಬೈಲ್ ಹಿಡಿಯಲು ಅಪ್ಪ.

ಅದೇ ಮೇಷ್ಟ್ರು ವಾರಕ್ಕೆರಡು ಸಂಜೆ ನಡೆಸಿದ ಆನ್‌ಲೈನ್ ರೋಗಿ ಚರ್ಚೆ ಇಡೀ ಏರ್ಪಾಡಿನಲ್ಲಿ ನನ್ನ ಮಟ್ಟಿಗೆ ಅತ್ಯುತ್ತಮ. ಕಿಟ್‌ಗಿಂತ, ಡ್ರಮ್ಮಿಗಿಂತ ಮೇಲು. ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಕಾಯಿಲೆ ಬಿದ್ದ ಒಂದು ಪ್ರಾಣಿಯ ವಿವರ ತರಬೇಕು. ರೋಗದ ಹೆಸರು ಹೇಳುವಂತಿಲ್ಲ. ಸಾಕಿದವರು ಏನು ಹೇಳಿದರೋ ಅದನ್ನು ಅವರ ಮಾತಿನಲ್ಲೇ ಹೇಳಬೇಕು. 'ನಿನ್ನೆಯಿಂದ ಮೆಲುಕು ಹಾಕುತ್ತಿಲ್ಲ' ಎಂದರೆ, ನಿನ್ನೆ ಎಂದರೆ ಯಾವ ಹೊತ್ತು? ಈದು ಎಷ್ಟು ದಿನ? ಕಸ (ಮಾಸು) ಬಿತ್ತೇ? ಮೇವು ಬದಲಿಸಿದರೇ? ಹಾಲು ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು? ಇಷ್ಟನ್ನೂ ಕೇಳದೆ ಬಂದವರನ್ನು ವಾಪಸ್ ಕಳಿಸುತ್ತಿದ್ದರು. ಆಸ್ಪತ್ರೆಯಲ್ಲಿ ಪ್ರಾಣಿ ಎದುರಿಗೇ ಇದ್ದಾಗ ಕೈ ಮೊದಲು ಥರ್ಮಾಮೀಟರ್ ಹುಡುಕುತ್ತದೆ, ಬಾಯಿ ಪ್ರಶ್ನೆಯನ್ನು ನುಂಗುತ್ತದೆ. ಇಲ್ಲಿ ಪ್ರಶ್ನೆಯ ಹೊರತು ಬೇರೆ ಉಪಕರಣವೇ ಇರಲಿಲ್ಲ. ಈದ ಮಾರನೆಯ ದಿನ ಎದ್ದೇಳದೆ ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದ ಹಸುವಿನ ಒಂದು ವಿಡಿಯೋ ಬಂದಾಗ, ಕಿವಿ ಮುಟ್ಟಿ ನೋಡಲು ಹೇಳಿ ಎಂದರು ಮೇಷ್ಟ್ರು. ತಣ್ಣಗಿತ್ತು. ಹೆಸರು ಹಾಲು ಜ್ವರ, ಮೈಯಲ್ಲಿ ಜ್ವರವಿಲ್ಲ, ರಕ್ತದಲ್ಲಿ ಸುಣ್ಣದಂಶ ಇಳಿದಿರುತ್ತದೆ. ಹತ್ತಿರದ ಆಸ್ಪತ್ರೆಯ ವೈದ್ಯರು ಹೋಗಿ ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಹನಿಸಿದರು, ಹಸು ಎದ್ದಿತು.

2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿಕೊಂಡ ಚರ್ಮಗಂಟು ರೋಗ 2020ರಲ್ಲೇ ನಮ್ಮ ರಾಜ್ಯಕ್ಕೂ ಬಂದಿತ್ತು. ನಮ್ಮ ಪಠ್ಯದಲ್ಲಿ ಅದು ಹೊರದೇಶದ ರೋಗಗಳ ಪಟ್ಟಿಯಲ್ಲಿ ನಾಲ್ಕು ಸಾಲು. ಉತ್ತರ ಕರ್ನಾಟಕದ ಸಹಪಾಠಿಗಳು ಮೈತುಂಬ ಗಂಟೆದ್ದ ಎತ್ತುಗಳ ಚಿತ್ರಗಳನ್ನು ಚರ್ಚೆಗೆ ತಂದಾಗ, ಹಾಸನ, ಶಿವಮೊಗ್ಗ, ಬೆಂಗಳೂರಿನಲ್ಲಿ ಕೂತವರೂ ಅದನ್ನು ಒಂದೇ ಸಂಜೆ ನೋಡಿದೆವು. ಒಂದು ಕಾಲೇಜಿನ ಆಸ್ಪತ್ರೆಗೆ ಸುತ್ತಲಿನ ಊರುಗಳ ಪ್ರಾಣಿಗಳು ಮಾತ್ರ ಬರುತ್ತವೆ. ಆ ಪರದೆಗೆ ಇಡೀ ರಾಜ್ಯದ ಕೊಟ್ಟಿಗೆ ಬಂದಿತ್ತು. ಕಾಲೇಜು ತೆರೆದ ಮೇಲೆ ಆ ಚರ್ಚೆ ನಿಂತುಹೋಯಿತೆಂದು ಕೇಳಿದೆ. ನಿಲ್ಲಿಸಬಾರದಿತ್ತು.

ಇಂಟರ್ನ್‌ಶಿಪ್ ಶುರುವಾದ ಸ್ವಲ್ಪ ಕಾಲಕ್ಕೆ ಎರಡನೆಯ ಅಲೆ ಬಂತು. 2021ರ ಏಪ್ರಿಲ್ ಕೊನೆಯಿಂದ ಮತ್ತೆ ನಿರ್ಬಂಧ. ಈ ಸಲ ನಾವು ಹೊರಗಿರಲಿಲ್ಲ, ಗ್ರಾಮೀಣ ಆಸ್ಪತ್ರೆಯೊಂದರಲ್ಲಿ ಹಿರಿಯ ವೈದ್ಯರ ಜೊತೆ ಓಡಾಡುತ್ತಿದ್ದೆವು. ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸೋಂಕಿತರಾಗಿ ಒಳಗಿದ್ದರು. ಹೊರಗೆ ಹಸು ರಾತ್ರಿಯಿಂದ ಈಯುವ ನೋವು ತಿನ್ನುತ್ತಿತ್ತು. ಪಕ್ಕದ ಮನೆಯವರು ಹಸು ಹಿಡಿದರು. ಒಳಗಿದ್ದ ಹೆಂಡತಿ ಕಿಟಕಿಯಿಂದ ಕೂಗಿ ಹೇಳುತ್ತಿದ್ದರು: 'ಡಾಕ್ಟರಮ್ಮ, ಅದು ಎಡಗಡೆ ಒದೆಯುತ್ತದೆ, ಬಲಗಡೆ ನಿಂತುಕೊಳ್ಳಿ.' ಕೈ ಹಾಕಿದರೆ ಮಡಿಸಿದ ಮುಂಗಾಲು. ಸರ್ ನನಗೆ, ನೀನೇ ಮಾಡು ಎಂದರು. ತಳ್ಳುವುದು, ಗೊರಸು ಮುಚ್ಚುವುದು, ಮಂಡಿ ಮೇಲೆತ್ತುವುದು ಎಂಬ ಡ್ರಮ್ಮಿನ ಕ್ರಮ ಕೈಗೆ ತಾನೇ ಬಂತು. ಬಾರದಿದ್ದದ್ದು ಕಾಯುವುದು. ಹಸು ತಿಣುಕುವಾಗ ತೋಳು ಮೂಳೆಗೂ ಕರುವಿಗೂ ನಡುವೆ ಸಿಕ್ಕಿ ಬೆರಳುಗಳ ಅರಿವೇ ಹೋಗುತ್ತದೆ; ಆಗ ಏನೂ ಮಾಡದೆ ನಿಲ್ಲಬೇಕು ಎಂಬುದನ್ನು ಸರ್ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಕರು ಜೀವಂತ ಬಂತು.

ಕಿಟ್‌ನ ನಾಜೂಕು ಹೊಲಿಗೆ ಕೆಲಸಕ್ಕೆ ಬಂದದ್ದು ಬೇರೆ ಕಡೆ. ಮುಳ್ಳುತಂತಿ ತಾಕಿ ಮೊಲೆತೊಟ್ಟು ಸೀಳಿದ ಎಮ್ಮೆಯೊಂದು ಬಂತು, ಗಾಯದಿಂದ ಹಾಲು ಸೋರುತ್ತಿತ್ತು. ತೊಟ್ಟಿನ ಬುಡದ ಸುತ್ತ ಅರಿವಳಿಕೆ ಕೊಟ್ಟು, ಸಣ್ಣ ಸೂಜಿ, ಮೈಯಲ್ಲಿ ಕರಗುವ ಸಣ್ಣ ದಾರದಿಂದ ಒಳಪದರವನ್ನು ಮೊದಲು, ಚರ್ಮವನ್ನು ಆಮೇಲೆ, ಪದರ ಪದರವಾಗಿ ಮುಚ್ಚಬೇಕು. ದಾರ ಹಾಲಿನ ನಾಳದೊಳಗೆ ಇಣುಕಬಾರದು. ಸಿಲಿಕಾನ್ ಹಾಳೆಯ ಮೂರು ಪದರ ನನಗೆ ಕಲಿಸಿದ್ದು ಸರಿಯಾಗಿ ಇದನ್ನೇ. ನಾಯಿ, ಬೆಕ್ಕು, ಕುರಿಯ ಗಾಯಗಳಿಗೂ ಅದು ಹೊಂದುತ್ತದೆ. ಹಸುವಿನ ಪಕ್ಕೆಗೆ, ತೊಡೆಗೆ ಲಾರಿ ಟ್ಯೂಬೇ ಗುರು.

ಈಗ ಕೊಳ್ಳುವವರಿಗೆ ನನ್ನ ಅಂಕ: ಜಾಲರಿಯಿರುವ ಹಾಳೆಗೆ ಐದಕ್ಕೆ ನಾಲ್ಕು, ಜೊತೆಗೆ ಕೊಡುವ ಉಪಕರಣಕ್ಕೆ ಒಂದೂವರೆ, ದಾರಕ್ಕೆ ಮೂರು. ದಾರದ ಪೊಟ್ಟಣಗಳ ಮೇಲೆ ಅಭ್ಯಾಸಕ್ಕೆ ಮಾತ್ರ ಎಂದು ಬರೆದಿರುತ್ತದೆ. ಅವನ್ನು ಯಾವ ಪ್ರಾಣಿಯ ಮೇಲೂ ಬಳಸಬೇಡಿ. ಹಳೆಯ ಬ್ಲೇಡು, ಸೂಜಿಗಳನ್ನು ಕಸದ ಬುಟ್ಟಿಗೆ ಹಾಕದೆ ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ತಂದುಕೊಡಿ. ಇನ್ನು ಇವನ್ನು ತಯಾರಿಸುವವರಲ್ಲಿ ಒಂದು ಬೇಡಿಕೆ. ಈ ದೇಶದಲ್ಲಿ ಪ್ರತಿ ವರ್ಷ ಪಶುವೈದ್ಯರಾಗುವವರು ಕಡಿಮೆಯೇನಿಲ್ಲ. ಐದಾರು ಮಿಲಿಮೀಟರ್ ದಪ್ಪದ, ನಿಜಕ್ಕೂ ಸೂಜಿಯನ್ನು ತಡೆಯುವ ಒಂದು ಹಾಳೆ ಮಾಡಿ, ಜೊತೆಗೆ ದೊಡ್ಡ ಪ್ರಾಣಿಗಳ ಸೂಜಿ ಎರಡನ್ನು ಇಡಿ. ನಮ್ಮ ಆಸ್ಪತ್ರೆಗೆ ಬರುವ ಇಂಟರ್ನ್‌ಗಳಿಗಾಗಿ ಮೊದಲ ಹಾಳೆಯನ್ನು ನಾನೇ ಕೊಳ್ಳುತ್ತೇನೆ.